ಮಲ್‌ಸುನ್ ಫೋರ್ಕ್‌ಲಿಫ್ಟ್ ಹತ್ತಿದ್ದು

ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವ ಕಾರ್ಖಾನೆಗೆ ಬೀಗ ಬಿದ್ದಾಗ ಪ್ಯೊ ಮಲ್‌ಸುನ್‌ಗೆ ಐವತ್ಮೂರು ವರ್ಷ. ಅದರಲ್ಲಿ ಇಪ್ಪತ್ತಾರನ್ನು ಅವಳು ಒಂದೇ ಮಷಿನ್ನಿನ ಮುಂದೆ ಕಳೆದಿದ್ದಳು. ಬಂದರು ಪಟ್ಟಣ ಗುನ್ಸಾನ್‌ನ ಸರ್ಕಾರಿ ಉದ್ಯೋಗ ಕೇಂದ್ರದಲ್ಲಿ ಬಾಂಗ್ ಎಂಬ ಅಧಿಕಾರಿಣಿ ತರಬೇತಿಗಳ ಪಟ್ಟಿಯನ್ನು ಮುಂದಿಟ್ಟಳು.

"ಅಡುಗೆ ಇದೆ, ವಯಸ್ಸಾದೋರ ಆರೈಕೆ ಇದೆ. ಫೀಸು ಸರ್ಕಾರದ್ದು. ಕಲಿಯೋ ತನಕ ಭತ್ಯೆನೂ ಬರುತ್ತೆ ಅಮ್ಮಾ."

ಮಲ್‌ಸುನ್‌ಳ ಬೆರಳು ಪಟ್ಟಿಯ ಕೊನೆಗೆ ಹೋಗಿ ನಿಂತಿತು. "ನಂಗೆ ಇದು ಬೇಕು."

"ಫೋರ್ಕ್‌ಲಿಫ್ಟಾ? ಗೋದಾಮಲ್ಲಿ ಭಾರ ಎತ್ತೋ ಗಾಡಿ ಅದು. ಡ್ರೈವಿಂಗ್ ಬರುತ್ತಾ?"

"ಲೈಸೆನ್ಸ್ ಇದೆ. ಯಜಮಾನ್ರು ಗಾಡಿ ಮುಟ್ಟೋಕೆ ಬಿಡಲ್ಲ, ಅಷ್ಟೆ."

ಬಾಂಗ್ ನಗುತ್ತಲೇ ಅರ್ಜಿ ತುಂಬಿದಳು.

ಗಂಡ ತೇಸಿಕ್ ಟ್ಯಾಕ್ಸಿ ಓಡಿಸುವವನು. ಸುದ್ದಿ ಕೇಳಿ, ಬಾಯಿಗಿಡುತ್ತಿದ್ದ ಕಿಮ್ಚಿಯನ್ನು ಹಾಗೇ ಹಿಡಿದು ಕೂತ. "ಪಾರ್ಕಿಂಗಲ್ಲಿ ಎರಡು ಕಂಬ ಗುದ್ದಿದೋಳು ನೀನು. ಗೋದಾಮು ಉಳಿಯುತ್ತೇನೇ?"

"ನಾನು ಗುದ್ದಿದ್ದು ಒಂದೇ ರೀ. ಇನ್ನೊಂದು ನಿಮ್ಮದು."

ತರಬೇತಿಯಲ್ಲಿ ಹನ್ನೊಂದು ಮಂದಿ ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ಮೊದಲ ಸಲ ಭಾರ ಎತ್ತಿದ ದಿನ ಅರ್ಧಕ್ಕೇ ಇಳಿಸಿಬಿಟ್ಟಳು. ಎರಡನೆಯ ವಾರಕ್ಕೆ ಊಟದ ಬಿಡುವೂ ಬೇಡವೆನಿಸಿತು.

ಪರೀಕ್ಷೆಗೆ ನಾಲ್ಕೇ ನಿಮಿಷ. ನೆಲದ ಮೇಲೆ ಬಳಿದ ಗೆರೆಗೆ ಚಕ್ರ ತಾಗಿದರೆ ಅಲ್ಲಿಗೇ ಮುಗಿಯಿತು. ಅವಳಿಗಿಂತ ಮುಂಚೆ ಹೋದ ಮೂವರೂ ತಲೆ ತಗ್ಗಿಸಿಕೊಂಡು ಇಳಿದಿದ್ದರು. ಮಲ್‌ಸುನ್ ಹತ್ತಿದಳು. ಪರೀಕ್ಷಕ ಸೀಟಿ ಊದಿದ. ಫೋರ್ಕಿನ ಕಬ್ಬಿಣದ ತೋಳುಗಳು ಭಾರದ ಹಲಗೆಯಡಿ ನುಗ್ಗಿದವು, ಭಾರ ಎದ್ದಿತು, ತಿರುವು ಬಂತು. ಹಿಂದಿನ ಚಕ್ರ ಗೆರೆಯಿಂದ ಎರಡು ಬೆರಳು ದೂರ! ಬಟ್ಟೆಯ ಅಂಚು ತಿರುಗಿಸುವಷ್ಟೇ ಮೆಲ್ಲಗೆ ಸ್ಟಿಯರಿಂಗ್ ತಿರುಗಿಸಿದಳು. ಗೆರೆ ತಾಗದೆ ತಿರುವು ದಾಟಿತು. ಭಾರ ಇಳಿಸಿ, ಮತ್ತೆ ಎತ್ತಿ, ಹಿಮ್ಮುಖವಾಗಿ ಬಂದು ನಿಲ್ಲಿಸಿದಾಗ ಇನ್ನೂ ಒಂಬತ್ತು ಸೆಕೆಂಡು ಉಳಿದಿತ್ತು.

"ಆಯ್ತು! ಆಗೇಹೋಯ್ತು!"

"ಮೊದ್ಲು ಕೆಳಗಿಳೀರಿ ತಾಯಿ, ಆಮೇಲೆ ಕೂಗಿ," ಎಂದ ಪರೀಕ್ಷಕ, ನಗು ತಡೆಯಲಾರದೆ.

ಪಾಸಾದ ತಿಂಗಳೊಳಗೆ ಬಾಂಗ್ ಫೋನು ಮಾಡಿದಳು. ಬಂದರಿನ ಮೀನಿನ ಶೀತಲ ಗೋದಾಮಿಗೆ ಜನ ಬೇಕಾಗಿದ್ದರು. ಮೊದಲ ಬೆಳಗ್ಗೆ ಬಂಗುಡೆ ಪೆಟ್ಟಿಗೆಗಳನ್ನು ಫೋರ್ಕ್‌ಲಿಫ್ಟಿನಲ್ಲಿ ಆಳೆತ್ತರ ಹೇರಿಕೊಂಡು ಮಲ್‌ಸುನ್ ಹೊರಬಂದರೆ, ಗೇಟಿಗೆ ಅಡ್ಡಲಾಗಿ ತೇಸಿಕ್‌ನ ಟ್ಯಾಕ್ಸಿ. ಅವನು ಬಾನೆಟ್ಟಿಗೆ ಒರಗಿ ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಅವಳು ಜೋರಾಗಿ ಹಾರ್ನ್ ಒತ್ತಿದಳು. "ಗಾಡಿ ಪಕ್ಕಕ್ಕೆ ತಗೀರಿ! ನಾನು ಹೋಗ್ಬೇಕು!"