ಬೆಳೆ ಬಂದಾಗ ನಿಂತ ಮಾತ್ರೆ

ನಾನು ಆಶಾ ಕಾರ್ಯಕರ್ತೆ ಮುನಿಲಕ್ಷ್ಮಿ. ಕ್ಯಾಲನೂರಿನ ಆಸುಪಾಸಿನಲ್ಲಿ ನನ್ನನ್ನು ಕಂಡರೆ ಅರ್ಧ ಜನ "ಬಾ, ಕಾಫಿ ಕುಡಿ" ಅನ್ನುತ್ತಾರೆ. ಇನ್ನರ್ಧ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ನನ್ನ ಬಾಯಿ ಸ್ವಲ್ಪ ಜೋರು, ಒಪ್ಪಿಕೊಳ್ಳುತ್ತೇನೆ. ಆದರೆ ಚಂದನಳ ವಿಷಯದಲ್ಲಿ ಮಾತ್ರ ನನಗೆ ಬಾಯಿ ಮಾಡುವ ಮನಸ್ಸೇ ಬರಲಿಲ್ಲ.

ಚಂದನ ನಮ್ಮೂರಿನ ಸೊಸೆ. ಗಂಡ ವೇಣುಗೋಪಾಲ್, ಅತ್ತೆ ಭಾರತಮ್ಮ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಅದರ ಪಕ್ಕ ರೇಷ್ಮೆ ಹುಳು ಸಾಕುವ ಮನೆ. ಮದುವೆಯಾಗಿ ಎಂಟು ವರ್ಷವಾಯಿತು. ಎರಡು ಸಲ ಬಸಿರಾದಳು, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು.

ಪೋಲಿಯೋ ಹನಿ ಹಾಕುವ ಭಾನುವಾರ ಯಾರೂ ಕರೆಯದಿದ್ದರೂ ಅವಳು ಅಂಗನವಾಡಿಗೆ ಬರುತ್ತಾಳೆ. ತಾಯಂದಿರ ಕೈಯಿಂದ ಕೂಸನ್ನು ಇಸಿದುಕೊಂಡು, ನಾನು ಹನಿ ಹಾಕುವವರೆಗೆ ಹಿಡಿದುಕೊಳ್ಳುತ್ತಾಳೆ. ವಾಪಸ್ ಕೊಡುವಾಗ ಒಂದು ಗಳಿಗೆ ತಡ ಮಾಡುತ್ತಾಳೆ. ನಾನು ನೋಡಿಯೂ ನೋಡದವಳ ಹಾಗೆ ಮುಂದಿನ ಮಗುವನ್ನು ಕರೆಯುತ್ತೇನೆ.

ಒಂದು ಸಲ ಅವಳೇ ಅಂದಳು, "ದೊಡ್ಡದು ಇದ್ದಿದ್ರೆ ಈ ಜೂನ್‌ಗೆ ಒಂದನೇ ಕ್ಲಾಸು ಅಕ್ಕ. ಚಿಕ್ಕದು ಇಲ್ಲೇ, ಈ ಚಾಪೆ ಮೇಲೇ ಕೂತ್ಕೊಂಡಿರ್ತಿತ್ತು."

ನಾನು ಅವಳ ಬೆನ್ನು ಸವರಿದೆ.

ಎರಡನೆಯದು ಹೋದಮೇಲೆ ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕಡಿಮೆ ಎಂದು ಗೊತ್ತಾಯಿತು. ಅಂದರೆ, ಕುತ್ತಿಗೆಯಲ್ಲಿರುವ ಗ್ರಂಥಿ ಮೈಗೆ ಬೇಕಾದಷ್ಟು ಹಾರ್ಮೋನು ಮಾಡುತ್ತಿರಲಿಲ್ಲ. ಸುಸ್ತು, ಮುಖ ಊದಿಕೊಳ್ಳುವುದು, ಮುಟ್ಟಿನ ಏರುಪೇರು, ಎಲ್ಲಕ್ಕೂ ಅದೇ ಕಾರಣ ಎಂದರು. ದಿನಕ್ಕೊಂದು ಮಾತ್ರೆ ಬರೆದುಕೊಟ್ಟು, "ಮೊದಲು ಲೆವೆಲ್ ಸರಿಗೆ ಬರಲಿ, ಆಮೇಲೆ ಮಗು ವಿಚಾರ ನೋಡೋಣ" ಎಂದರು.

ಆ 'ಆಮೇಲೆ' ಅನ್ನುವುದು ಮೂರು ವರ್ಷವಾದರೂ ಬರಲಿಲ್ಲ. ಒಂದು ಪರೀಕ್ಷೆಯಲ್ಲಿ ಲೆವೆಲ್ ಇಳಿದರೆ ಮುಂದಿನದರಲ್ಲಿ ಏರಿರುತ್ತಿತ್ತು. ಡಾಕ್ಟರಮ್ಮ "ಮಾತ್ರೆ ದಿನಾ ತಗೋತಿದೀಯಾ?" ಎಂದು ಕೇಳಿದರೆ ಇವಳು ತಲೆ ಬಗ್ಗಿಸಿ "ಹೂಂ" ಅನ್ನುತ್ತಿದ್ದಳು. ಅವರು ಡೋಸ್ ಏರಿಸುತ್ತಿದ್ದರು.

ಒಂದು ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಚಂದನ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹಣೆಯಲ್ಲಿ ಬೆವರು, ಕೈ ನಡುಗುತ್ತಿತ್ತು.

"ಎದೆ ಡವಡವ ಅಂತಿದೆ ಅಕ್ಕ. ನಾಲ್ಕು ದಿನದಿಂದ ಹಿಂಗೇ."

"ಮಾತ್ರೆ ಡಬ್ಬಿ ತಗೊಂಡ್ ಬಾರೇ."

ತಂದಳು. ಹೋದ ತಿಂಗಳು ಕೊಂಡ ನೂರು ಮಾತ್ರೆಯ ಡಬ್ಬಿ. ದಿನಕ್ಕೊಂದರಂತೆ ನುಂಗಿದ್ದರೆ ಎಪ್ಪತ್ತಾದರೂ ಉಳಿದಿರಬೇಕಿತ್ತು. ಅರ್ಧಕ್ಕರ್ಧ ಖಾಲಿಯಾಗಿತ್ತು. ನಾನು ಅವಳ ಮುಖ ನೋಡಿದೆ. ಅವಳು ತೋಟದ ಕಡೆ ನೋಡಿದಳು.

"ಹುಳ ತಂದ್ರೆ ಮಾತ್ರೆ ಮುಟ್ಟಲ್ಲ ಅಕ್ಕ. ಗೂಡು ಬಿಡಿಸೋ ತನಕ. ಆಮೇಲೆ ದಿನಕ್ಕೆ ಎರಡೆರಡು ತಗೊಂಡು ಸರಿ ಮಾಡ್ಕೊತೀನಿ."

ರೇಷ್ಮೆಯ ಒಂದು ಬೆಳೆಗೆ ಸುಮಾರು ಇಪ್ಪತ್ತೈದು ದಿನ, ವರ್ಷಕ್ಕೆ ಆರು ಬೆಳೆ. ಅಷ್ಟೂ ದಿನ ಮಾತ್ರೆ ಇಲ್ಲ. ಉಳಿದ ದಿನ ಎರಡೆರಡು. ವೇಣುಗೋಪಾಲನನ್ನು ತೋಟದಿಂದ ಕೂಗಿ, ಅವಳನ್ನು ಆಗಿಂದಾಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಈ ಸಲ ಚಂದನ ಎಲ್ಲವನ್ನೂ ಬಾಯಿಬಿಟ್ಟಳು. ಡಾಕ್ಟರಮ್ಮ ಇಸಿಜಿ ಮಾಡಿಸಿ, ರಕ್ತ ಪರೀಕ್ಷೆಗೆ ಕಳಿಸಿ, ಕೊನೆಗೆ ಅಂದರು, "ನೀನು ದಿನಾ ತಗೊಂಡೂ ಲೆವೆಲ್ ಸರಿಗೆ ಬರ್ತಿಲ್ಲ ಅನ್ಕೊಂಡು ನಾನು ಡೋಸ್ ಏರಿಸ್ತಾ ಹೋದೆ. ಅದನ್ನೇ ಎರಡೆರಡು ನುಂಗಿದ್ರೆ ಹೃದಯ ತಡ್ಕೊಳ್ಳುತ್ತೇನಮ್ಮ?" ಮಾತ್ರೆಯ ಡೋಸ್ ಹೊಸದಾಗಿ ಬರೆದರು.

ಮಧ್ಯಾಹ್ನ ಮನೆಗೆ ಬಂದಾಗ ಭಾರತಮ್ಮ ಬಾಗಿಲಲ್ಲೇ ನಿಂತಿದ್ದರು.

"ಏನಂದ್ರು?"

"ದೊಡ್ಡಮ್ಮ, ಬೆಳೆ ಇದ್ದಾಗ ಮಾತ್ರೆ ತಗೋಬೇಡ ಅಂತ ನೀವೇ ಹೇಳಿದ್ರಂತೆ."

"ಹೌದು, ಹೇಳಿದೆ. ಮಾತ್ರೆ ನುಂಗಿದ ಮೈ. ಬೆವರಲ್ಲಿ ಇಳಿದು ಸೊಪ್ಪಿಗೆ ಹತ್ತಿದ್ರೆ? ಆ ವರ್ಷ ಪಕ್ಕದ ಟೊಮ್ಯಾಟೊಗೆ ಹೊಡೆದ ಔಷಧಿ ಗಾಳೀಲಿ ಬಂದು ನಮ್ಮ ಸೊಪ್ಪಿನ ಮೇಲೆ ಕೂತು, ಬೆಳಗಾಗೋಷ್ಟರಲ್ಲಿ ಅಷ್ಟೂ ಹುಳ ನೆಲ ಹಿಡೀತು. ಕೈಯಾರೆ ಗುಂಡಿ ತೋಡಿ ಹೂತಿದೀನಿ ನಾನು."

ಭಾರತಮ್ಮ ಕೆಟ್ಟವರಲ್ಲ. ಹಾಲಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅಂದಿನಿಂದ ಅವರು ಹುಳದ ಮನೆಯ ಹತ್ತಿರ ಬೀಡಿ, ಊದಿನಕಡ್ಡಿ, ಪೌಡರು ಏನನ್ನೂ ಬಿಡುವುದಿಲ್ಲ. ಆ ಸಾಲಿಗೆ ಸೊಸೆಯ ಮಾತ್ರೆಯೂ ಸೇರಿಬಿಟ್ಟಿತ್ತು.

ನಾನು ರೇಷ್ಮೆ ಇಲಾಖೆಯ ಸಾಹೇಬರಿಗೆ ಫೋನ್ ಮಾಡಿ ಭಾರತಮ್ಮನ ಕಿವಿಗೇ ಕೊಟ್ಟೆ. "ಮನುಷ್ಯರು ನುಂಗೋ ಮಾತ್ರೆಯಿಂದ ಹುಳಕ್ಕೆ ಏನೂ ಆಗಲ್ಲಮ್ಮ. ಮನೇಲಿ ನುಂಗಿ, ಸೋಪಲ್ಲಿ ಕೈ ತೊಳ್ಕೊಂಡು ಹೋಗ್ಲಿ, ಸಾಕು" ಎಂದರು ಅವರು.

ಭಾರತಮ್ಮ ಫೋನ್ ವಾಪಸ್ ಕೊಟ್ಟರು. ಮುಖ ಮಾತ್ರ ಸಡಿಲವಾಗಲಿಲ್ಲ. "ಇಷ್ಟು ದಿನ ಬಿಟ್ಟು ಬಿಟ್ಟು ತಗೊಂಡಿದಾಳೆ. ಏನಾಯ್ತು?"

"ದೊಡ್ಡಮ್ಮ, ಹುಳಕ್ಕೆ ನಾಲ್ಕು ದಿನ ಸೊಪ್ಪು ಹಾಕದೆ, ಐದನೇ ದಿನ ಎಲ್ಲಾ ಒಟ್ಟಿಗೆ ಸುರಿದ್ರೆ ಗೂಡು ಕಟ್ತಾವಾ?"

ಭಾರತಮ್ಮ ಜಗಲಿಯ ಮೇಲೆ ಕೂತರು. ಆಮೇಲೆ ಮೆಲ್ಲಗೆ ಕೇಳಿದರು, "ಹೋದವೆರಡೂ ನನ್ನಿಂದಾನೇ ಹೋದ್ವಾ ಮುನಿಲಕ್ಷ್ಮಿ?"

"ಇಲ್ಲ ದೊಡ್ಡಮ್ಮ. ಆಗ ಈ ಕಾಯಿಲೆ ಇದೆ ಅಂತಾನೇ ಯಾರಿಗೂ ಗೊತ್ತಿರಲಿಲ್ಲ. ಆದ್ರೆ ಇನ್ನು ಮುಂದಿಂದು ನಮ್ಮ ಕೈಲಿದೆ."

"ಇದ್ದಿದ್ರೆ ದೊಡ್ಡದಕ್ಕೆ ಈಗ ಆರು ವರ್ಷ" ಎಂದರು ಭಾರತಮ್ಮ. "ಚಿಕ್ಕದಕ್ಕೆ ಮೂರು ತುಂಬಿರ್ತಿತ್ತು."

ಚಂದನ ತಿರುಗಿ ನೋಡಿದಳು. "ಅತ್ತೆ, ನೀವೂ ನೆನೆಸ್ಕೊತೀರಾ?"

"ನೆನೆಸದೆ ಇರೋ ದಿನ ಎಲ್ಲಿದೆ ನನ್ನ ತಾಯಿ. ನಿನ್ನ ಮುಂದೆ ಹೇಳಿದ್ರೆ ಅಳ್ತೀಯ ಅಂತ ಸುಮ್ಮನಿದ್ದೆ."

ಇಬ್ಬರೂ ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಮುಂದಿನ ಬೆಳೆಯ ಹುಳು ಬಂದಾಗ ಭಾರತಮ್ಮನೇ ಬೆಳಿಗ್ಗೆ ಒಂದು ಲೋಟ ನೀರು, ಒಂದು ಮಾತ್ರೆ ಸೊಸೆಯ ಕೈಗೆ ಕೊಟ್ಟರು. ಬರೀ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಮಾತ್ರೆ ನುಂಗಿ ಒಂದು ಗಂಟೆ ಕಾಫಿ ಇಲ್ಲ. "ಗಂಟೆ ಆಗಿಲ್ಲ, ಮುಟ್ಟಬೇಡ" ಎಂದು ಲೋಟ ಹಿಡಿದುಕೊಂಡು ಕಾವಲು ಬೇರೆ. ರಕ್ತಹೀನತೆಗೆ ನಾನು ಕೊಟ್ಟಿದ್ದ ಕಬ್ಬಿಣದ ಮಾತ್ರೆಯನ್ನು ಡಾಕ್ಟರಮ್ಮ ಹೇಳಿದಂತೆ ಮಧ್ಯಾಹ್ನದ ಊಟವಾದ ಮೇಲಕ್ಕೆ ಹಾಕಿದೆವು. ಥೈರಾಯ್ಡ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಗೂಡು ಚೆನ್ನಾಗೇ ಬಂತು. ಒಂದು ಹುಳಕ್ಕೂ ಏನೂ ಆಗಲಿಲ್ಲ.

ಎರಡು ತಿಂಗಳ ಮೇಲೆ ಪರೀಕ್ಷೆ ಮಾಡಿಸಿದರೆ ಲೆವೆಲ್ ಸರಿಗೆ ಬಂದಿತ್ತು. ಮತ್ತೆರಡು ತಿಂಗಳಿಗೂ ಹಾಗೇ ನಿಂತಿತ್ತು. ಡಾಕ್ಟರಮ್ಮ ಅಂದರು, "ಇನ್ನು ಮಗುಗೆ ಪ್ರಯತ್ನ ಮಾಡಬಹುದು. ಮುಟ್ಟು ನಿಂತರೆ ಅದೇ ವಾರ ಬಾ, ಡೋಸ್ ಬದಲಾಯಿಸಬೇಕಾಗುತ್ತೆ. ಬಸಿರಾದೆ ಅಂತ ಮಾತ್ರೆ ಮಾತ್ರ ಬಿಡಬೇಡ." ಆಸ್ಪತ್ರೆಯಿಂದ ಬಸ್‌ಸ್ಟ್ಯಾಂಡಿನವರೆಗೂ ಚಂದನ ನನ್ನ ಕೈ ಬಿಡಲಿಲ್ಲ.

ಮಗು ಆಗಿಯೇ ಆಗುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಚಂದನ ಇನ್ನೂ ಕಾಯುತ್ತಿದ್ದಾಳೆ, ಅವಳ ಜೊತೆ ನಾವೂ ಕಾಯುತ್ತಿದ್ದೇವೆ. ಗರ್ಭಿಣಿಯರ ಹೆಸರು ಬರೆಯುವ ರಿಜಿಸ್ಟರಿನಲ್ಲಿ ಅವಳಿಗಾಗಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಹಾಗೆ ಬಿಡಬಾರದು, ಮೇಲಿನವರು ನೋಡಿದರೆ ಬೈಯುತ್ತಾರೆ. ಬೈಯಲಿ ಬಿಡಿ.

ಅಕ್ಕತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಹಾರ್ಮೋನಿನ ಮಾತ್ರೆ ಬರೆದುಕೊಟ್ಟಿರಬಹುದು. ಮೈ ಹಗುರಾಯಿತು ಎಂದೋ, ವ್ರತ ಎಂದೋ, ಬೆಳೆ ಎಂದೋ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗಬೇಡಿ. ನಾದಿನಿಗೂ ಅದೇ ಕಾಯಿಲೆ ಎಂದು ನಿಮ್ಮ ಮಾತ್ರೆಯನ್ನು ಅವಳಿಗೆ ಕೊಡಬೇಡಿ. ಹೇಳಿದ ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಬಿಟ್ಟಿದ್ದರೆ ಬಿಟ್ಟೆ ಎಂದು ಡಾಕ್ಟರ ಮುಂದೆ ನಿಜ ಹೇಳಿ. ಅವರು ಒಂದು ಮಾತು ಬೈಯಬಹುದು. ಆ ಬೈಗುಳಕ್ಕೆ ಹೆದರಿ ಚಂದನ ಮೂರು ವರ್ಷ ಕಳೆದುಕೊಂಡಳು, ನೀವು ಕಳೆದುಕೊಳ್ಳಬೇಡಿ.