ಗೂಬೆಬಂಡೆಯ ಬಿಳಿ ಹೊಗೆ

ನನ್ನ ಹೆಸರು ಬರೆಸಿದ್ದು ನಾನಲ್ಲ. ಬೇಸಿಗೆ ಮುಗಿಯುವವರೆಗೆ ದಿನಕ್ಕೆ ಮೂವರು ಹುಡುಗರು ಬೆಟ್ಟದ ಮೇಲಿನ ಕಾವಲು ಗೋಪುರಕ್ಕೆ ಹೋಗಿ ಕಾಡಿಗೆ ಬೆಂಕಿ ಬೀಳದಂತೆ ನೋಡಬೇಕು ಅಂತ ಊರಿನ ಸಭೆಯಲ್ಲಿ ತೀರ್ಮಾನವಾದಾಗ, 'ಅವನು ಹೇಗೂ ಖಾಲಿ ಕೂತಿದ್ದಾನೆ' ಅಂತ ಯಾರೋ ಬರೆಸಿದ್ದರು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಆರು ವರ್ಷ ಬೆಂಕಿಗೆ ಮುಖ ಕೊಟ್ಟವನು ಒಂದು ತಿಂಗಳು ಮನೆಯಲ್ಲಿದ್ದರೆ ಖಾಲಿ! ಜೊತೆಗೆ ಬಂದ ಇಬ್ಬರು ಡಿಗ್ರಿ ಹುಡುಗರು ಗೋಪುರದ ಮೇಲೆ ಬೇಕಾದಷ್ಟು ಫೋಟೋ ಹೊಡೆದುಕೊಂಡು ಹನ್ನೊಂದಕ್ಕೆಲ್ಲ ಇಳಿದುಹೋದರು. ಅವರನ್ನು ಯಾರೂ ಖಾಲಿ ಅನ್ನುವುದಿಲ್ಲ.

ಉಳಿದದ್ದು ನಾನು ಮತ್ತು ಕಾವಲುಗಾರ ದೊಡ್ಡವೆಂಕಟಪ್ಪ ತಾತ. ಇಪ್ಪತ್ತಾರು ವರ್ಷದಿಂದ ದಿನಗೂಲಿಯಲ್ಲೇ ಆ ಗೋಪುರ ಹತ್ತಿ ಇಳಿಯುತ್ತಿರುವ ಮನುಷ್ಯ.

"ಅಗೋ, ಆ ಹೊಗೆ ವೇಮಗಲ್ ಫ್ಯಾಕ್ಟ್ರಿದು, ಬಿಡು. ಆ ಕರ್ರಗಿರೋದು ಟೊಮೇಟೊ ತೋಟದ್ದು, ಹಳೇ ಪ್ಲಾಸ್ಟಿಕ್ ಹಾಳೆ ಸುಡ್ತಾವ್ರೆ. ಅದೂ ನಮ್ದಲ್ಲ. ಬಂಡೆ ಸಂದಿಯಿಂದ ಎದ್ದಿದ್ದು ಮಾತ್ರ ನಮ್ದು" ಅಂದರು.

"ನಂಗೂ ಹೊಗೆ ಗೊತ್ತು ತಾತ."

"ಗೂಡಿನ ಹೊಗೆ ಗೊತ್ತು ಕಣ್ಲಾ ನಿಂಗೆ. ಅದು ಕಟ್ಟಿಹಾಕಿದ್ದು. ಇದು ಬಿಟ್ಟಿದ್ದು."

ಒಂದು ಗಂಟೆಗೆ ತಾತ ಕ್ಯಾನ್ ಹಿಡಿದು ಕೆಳಗೆ ಬಂಡೆಯಲ್ಲಿರುವ ದೊಣೆಯಿಂದ ನೀರು ತರಲು ಹೊರಟರು. "ಹೊಗೆ ಕಂಡ ತಕ್ಷಣ ವೈರ್‌ಲೆಸ್‌ನಲ್ಲಿ ಫಾರೆಸ್ಟ್ ಆಫೀಸಿಗೆ ಕೂಗು. ಹೌದೋ ಅಲ್ವೋ ಆಮೇಲೆ ನೋಡ್ಕೊಳ್ಳಾಣ."

ಹತ್ತು ನಿಮಿಷ ಕಳೆದಿರಬೇಕು. ಎದುರು ಗುಡ್ಡದ ಗೂಬೆಬಂಡೆಯ ನಡುವಿನಿಂದ ಬಿಳಿ ಹೊಗೆ ಎದ್ದಿತು. ಹಾಲಿನಂಥ ದಪ್ಪ ಹೊಗೆ, ಎದ್ದಲ್ಲೇ ನಿಂತಿತ್ತು. ಅದು ತಾನಾಗಿ ಬಿದ್ದ ಬೆಂಕಿಯದಲ್ಲ. ಒಣಹುಲ್ಲಿನ ಹೊರೆಗೆ ಹಸಿ ಹೊಂಗೆ ಸೊಪ್ಪು ಸುತ್ತಿ ಹೆಜ್ಜೇನಿನ ಹುಟ್ಟಿನ ಕೆಳಗೆ ಹಿಡಿದರೆ ಹಾಗೆ ಏಳುತ್ತದೆ. ಸುತ್ತ ಹತ್ತೂರಿನಲ್ಲಿ ಆ ಬಂಡೆಗೆ ಹಗ್ಗ ಬಿಟ್ಟು ಇಳಿಯುವವನು ಒಬ್ಬನೇ. ಭೀಮರಾಜ್, ನಮ್ಮ ಅಕ್ಕ ಸುನಂದಳ ಗಂಡ.

ವೈರ್‌ಲೆಸ್ ಕಡೆ ಹೋದ ಕೈ ಅಲ್ಲೇ ನಿಂತಿತು. ಇದೇ ಕೆಲಸಕ್ಕೆ ಹೋದ ವರ್ಷ ಫಾರೆಸ್ಟಿನವರು ಭಾವನ ಮೇಲೆ ಕೇಸು ಹಾಕಿದ್ದರು. ಶ್ರೀನಿವಾಸಪುರದ ಕೋರ್ಟಿಗೆ ಇನ್ನೂ ಅಲೆಯುತ್ತಿದ್ದಾನೆ. ಮತ್ತೆ ಸಿಕ್ಕರೆ ಒಳಗೇ ಅಂತ ಹೇಳಿ ಬಿಟ್ಟಿದ್ದರು. ಅಕ್ಕನಿಗೆ ಈಗ ಏಳು ತಿಂಗಳು.

ಅಕ್ಕನಿಗೇ ಫೋನ್ ಮಾಡಿದೆ.

"ಭಾವ ಎಲ್ಲಿ?"

"ಬೆಳಗ್ಗೇನೇ ಹಗ್ಗ ತಗೊಂಡು ಹೋದ್ರು. ಯಾಕೋ?"

"ನಾನು ಟವರ್ ಮೇಲಿದೀನಿ. ಹೊಗೆ ಕಾಣ್ತಾ ಇದೆ."

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. "ಯಾರ್ಗೂ ಹೇಳ್ಬೇಡ ಕಣೋ ವೇಣು. ನಿನ್ ಕಾಲಿಗೆ ಬೀಳ್ತೀನಿ. ಈಗ ಆರಿಸಿಬಿಡ್ತಾರೆ."

ಅದು ನಿಜವೇ. ಜೇನು ಕೀಳುವ ಹೊಗೆ ಕಾಲು ಗಂಟೆಗಿಂತ ಹೆಚ್ಚು ಇರುವುದಿಲ್ಲ. ಹುಟ್ಟು ಕೊಯ್ದ ಮೇಲೆ ಹೊರೆಯನ್ನು ಮೇಲೆಳೆದುಕೊಂಡು, ಬರಿ ಬಂಡೆಯ ಮೇಲೆ ತುಳಿದು, ನೀರು ಹುಯ್ದು ಬರುತ್ತಾರೆ. ಭಾವ ಎಂದೂ ಅದನ್ನು ಕೆಳಗೆ ಬಿಟ್ಟವನಲ್ಲ. ಮೊಬೈಲ್ ಕೈಯಲ್ಲಿ ಹಿಡಿದು ನಿಮಿಷ ನೋಡುತ್ತಾ ನಿಂತೆ. ಒಂದು ಇಪ್ಪತ್ತು. ಆರಿಸು ಭಾವ. ಒಂದು ಇಪ್ಪತ್ತೈದು. ಆರಿಸೋ ಮಾರಾಯ. ಅವನ ನಂಬರಿಗೆ ಮೂರು ಸಲ ಹೊಡೆದೆ. ರಿಂಗಾಗಿ ರಿಂಗಾಗಿ ಕಟ್ಟಾಯಿತು. ಅವನ ಮೇಲೆ ಕೋಪ ಬಂತು, ಅಕ್ಕನ ಮೇಲೆ ಬಂತು, ನನ್ನ ಹೆಸರು ಬರೆಸಿದವನ ಮೇಲೆ ಬಂತು. ಕೋಪ ಮಾಡಿಕೊಂಡಿದ್ದರೆ ಹೆದರಿಕೆ ಗೊತ್ತಾಗುವುದಿಲ್ಲ ಅಂತ ಬೇಕಂತಲೇ ಮಾಡಿಕೊಂಡೆ.

ಒಂದೂವರೆಯ ಹೊತ್ತಿಗೆ ಬಿಳಿ ಹೊಗೆ ಸಣ್ಣಗಾಯಿತು. ಉಸಿರು ಬಿಟ್ಟೆ. ಅಷ್ಟರಲ್ಲಿ ಬಂಡೆಯ ಬುಡದಿಂದ ಇನ್ನೊಂದು ಎದ್ದಿತು. ಇದು ಹಳದಿ. ಒಣಹುಲ್ಲಿನದು. ಗಾಳಿಗೆ ವಾಲಿ ಅಗಲವಾಗುತ್ತಿತ್ತು. ಹೊರೆ ಕೆಳಗೆ ಬಿದ್ದಿದೆ. ಭಾವ ತಾನಾಗಿ ಬಿಡುವವನಲ್ಲ. ಹಾಗಾದರೆ ಅವನಿಗೆ ಏನೋ ಆಗಿದೆ. ಇಷ್ಟು ಗೊತ್ತಿದ್ದೂ ಇನ್ನೂ ಹತ್ತು ನಿಮಿಷ ನಿಂತೆ. ಯಾಕೆ ಅಂತ ಕೇಳಿದರೆ ಇವತ್ತಿಗೂ ಹೇಳಲಾರೆ.

ಕೊನೆಗೆ ವೈರ್‌ಲೆಸ್‌ನ ಗುಂಡಿ ಒತ್ತಿದೆ. "ಗೂಬೆಬಂಡೆ ಬುಡದಲ್ಲಿ ಬೆಂಕಿ ಸಾರ್."

"ಸರಿ. ಕೆಳಗಡೆ ರಸ್ತೆಯಿಂದ ಬರ್ತೀವಿ."

ಕೆಳಗಿನಿಂದ ಬಂದರೆ ಬುಡದ ಬೆಂಕಿಯನ್ನು ಸೊಪ್ಪಿನಲ್ಲಿ ಬಡಿದು ಆರಿಸುತ್ತಾ ನಿಲ್ಲುತ್ತಾರೆ. ನೆತ್ತಿಯ ಮೇಲೆ ಮರಕ್ಕೆ ಕಟ್ಟಿದ ಹಗ್ಗ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಗೆ ಮೇಲಕ್ಕೇ, ಭಾವ ತೂಗುತ್ತಿರುವಲ್ಲಿಗೇ ಹೋಗುತ್ತದೆ.

"ಸಾರ್, ಇಬ್ಬರು ಬಂಡೆ ನೆತ್ತಿಗೆ ಹೋಗ್ಲಿ. ಹಗ್ಗದಲ್ಲಿ ಮನುಷ್ಯ ಇದಾನೆ."

ಅತ್ತ ಬರೀ ಗೊರಗೊರ ಸದ್ದು. ಆಮೇಲೆ, "ಯಾರದು?"

"ಭೀಮರಾಜ್. ನಮ್ ಭಾವ."

ತಾತ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಾಗ ಅವರ ಕೈಯಲ್ಲಿ ಕ್ಯಾನ್ ಇರಲಿಲ್ಲ. "ಹೇಳಿದ್ಯೇನ್ಲಾ?" ಅಂದರು. ತಲೆಯಾಡಿಸಿದೆ. ಇಬ್ಬರೂ ಕಂಬಿ ಹಿಡಿದು ನಿಂತೆವು. ಹಳದಿ ಹೊಗೆ ಬಂಡೆಯನ್ನು ಪೂರ್ತಿ ನುಂಗಿತು. ಮುಕ್ಕಾಲು ಗಂಟೆ ಏನೂ ಕಾಣಲಿಲ್ಲ. ಅಕ್ಕನ ಫೋನ್ ಬರುತ್ತಲೇ ಇತ್ತು. ಎತ್ತಲಿಲ್ಲ.

ಎರಡೂವರೆ ದಾಟಿದ ಮೇಲೆ ವೈರ್‌ಲೆಸ್ ಮಾತಾಡಿತು. "ಮೇಲಕ್ಕೆ ಎಳ್ಕೊಂಡ್ವಿ. ಮೈಯೆಲ್ಲಾ ಜೇನು ಕಚ್ಚಿದೆ, ಕಾಲು ಸುಟ್ಟಿದೆ. ಉಸಿರಿದೆ. ಶ್ರೀನಿವಾಸಪುರ ಆಸ್ಪತ್ರೆಗೆ ಹೊರಟ್ವಿ."

ಕಂಬಿಗೆ ಒರಗಿ ಕೂತೆ. ಆಗ ಅಕ್ಕನ ಫೋನ್ ಎತ್ತಿದೆ.

"ಬದುಕಿದಾನೆ ಅಕ್ಕ. ಕಾಲು ಸುಟ್ಟಿದೆ. ಹೆಸರು ನಾನೇ ಹೇಳ್ದೆ. ಕೇಸ್ ಹಾಕ್ತಾರೆ."

"ಯಾವಾಗ ಹೇಳ್ದೆ?"

"ಒಂದು ನಲವತ್ತಕ್ಕೆ."

"ನಂಗೆ ಫೋನ್ ಮಾಡಿದ್ದು ಒಂದೂಕಾಲಿಗಲ್ವೇನೋ?"

"ಹೂಂ."

"ಅಷ್ಟೊತ್ತೂ ಏನ್ ಮಾಡ್ತಾ ಇದ್ದೆ?"

"ನೀನೇ ಬೇಡ ಅಂದೆ."

"ಹುಟ್ಟಿದಾಗಿಂದ ನನ್ ಒಂದ್ ಮಾತು ಕೇಳಿದೀಯೇನೋ ನೀನು? ಸ್ಕೂಲು ಬಿಡ್ಬೇಡ ಅಂದೆ, ಕೇಳಿದ್ಯಾ? ಗೂಡಿಗೆ ಹೋಗ್ಬೇಡ ಅಂದೆ, ಕೇಳಿದ್ಯಾ? ಇವತ್ತು ಕೇಳೋಕೆ ಹೋದ್ಯಲ್ಲೋ!" ಅಂದವಳು ಜೋರಾಗಿ ಅತ್ತಳು.

 "ಬಸ್‌ಸ್ಟ್ಯಾಂಡಿಗೆ ಬಾ ಅಕ್ಕ, ನಾನೂ ಬರ್ತೀನಿ" ಅಂದೆ. ತಾತನ ಕಡೆ ನೋಡಿದೆ. ಇನ್ನೂ ಆರು ಗಂಟೆಯವರೆಗೆ ನನ್ನ ಪಾಳಿ ಇತ್ತು.

"ಹೋಗ್ಲಾ, ನಾನಿದೀನಿ" ಅಂದರು ತಾತ, ಗುಡ್ಡದಿಂದ ಕಣ್ಣು ತೆಗೆಯದೆ. "ನಿಧಾನಕ್ಕಿಳಿ."