ಬಲ್ಲೆನೆಂದು ದೃಢೀಕರಿಸುತ್ತೇನೆ

ಶಾಯಿಯ ಮೂರನೆಯ ಹನಿಯನ್ನೂ ಸೀಲಿನ ಪ್ಯಾಡು ಕುಡಿದುಬಿಟ್ಟಿತು. ನಾಲ್ಕನೆಯದು ಮಾತ್ರ ಒಂದು ಕ್ಷಣ ನೇರಳೆ ಮಣಿಯಂತೆ ಮೇಲೆ ನಿಂತು, ಆಮೇಲೆ ಮೆಲ್ಲಗೆ ಇಳಿಯಿತು.

‘ಸಾಕು ಸಾರ್. ಜಾಸ್ತಿ ಆದ್ರೆ ಅಕ್ಷರ ಹರಡುತ್ತೆ,’ ಎಂದ ಜವಾನ.

ಗುಮಾಸ್ತ ಇನ್ನೂ ಎರಡು ಹನಿ ಬಿಟ್ಟು, ಬಾಟಲಿಯ ಮೂತಿಯಿಂದಲೇ ಅಂಚಿನವರೆಗೆ ಸವರಿದ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಹತ್ತೊಂಬತ್ತು ವರ್ಷದಿಂದ ಟಪಾಲಿನ ಮೇಜಿನಲ್ಲಿ ‘ಸ್ವೀಕರಿಸಿದೆ’ ಎಂಬ ಒಂದೇ ಠಸ್ಸೆ ಒತ್ತುತ್ತಿದ್ದ. ಬಂದದ್ದು ಬಂದಿದೆ ಎಂದು ಒಪ್ಪಿಕೊಳ್ಳುವುದೇ ಕೆಲಸ. ಇವತ್ತು ಸಾಹೇಬರು ರಜೆ. ಒಂದು ದಿನದ ಪ್ರಭಾರ ಅವನದು. ಒಳ ಡ್ರಾಯರಿನ ಕೀಲಿ, ಗುಂಡನೆಯ ಸೀಲು, ಸಹಿ ಹಾಕುವ ಅಧಿಕಾರ, ಎಲ್ಲ ನಿನ್ನೆ ಸಂಜೆ ಕೈಗೆ ಬಂದಿದ್ದವು. ಹೆಂಡತಿಗೆ ಹೇಳಿದಾಗ ಅವಳು, ಹಾಗಾದರೆ ಅಂಗಿಯ ತೋಳು ಮಡಚಿಕೊಳ್ಳಿ, ಶಾಯಿಯ ಕಲೆ ಹೋಗುವುದಿಲ್ಲ, ಎಂದಿದ್ದಳು.

ರದ್ದಿ ಕಾಗದದ ಮೇಲೆ ಒತ್ತಿ ನೋಡಿದ. ಮೊದಲನೆಯದು ಮೆತ್ತಿಕೊಂಡಿತು. ಮೂರನೆಯದು ಸರಿಬಂತು; ಸುತ್ತಿನ ಅಕ್ಷರಗಳಲ್ಲಿ ಒಂದೂ ಚೆದುರಿರಲಿಲ್ಲ. ಎದೆ ಡವಡವ ಎಂದಿತು. ಈ ವಯಸ್ಸಿನಲ್ಲಿ ಇದಕ್ಕೆಲ್ಲ ಎದೆ ಬಡಿದುಕೊಳ್ಳುವುದು ನಗೆಪಾಟಲು ಎಂದುಕೊಂಡ. ಬಡಿತ ನಿಲ್ಲಲಿಲ್ಲ.

ಬಾಗಿಲು ತೆರೆದಾಗ ಜನರ ಸಾಲು ಮೆಟ್ಟಿಲು ದಾಟಿತ್ತು. ಎಲ್ಲರ ಕೈಯಲ್ಲೂ ಒಂದೇ ನಮೂನೆ, ನಡತೆ ಪತ್ರ. ಇವರನ್ನು ನಾನು ಇಷ್ಟು ವರ್ಷಗಳಿಂದ ವೈಯಕ್ತಿಕವಾಗಿ ಬಲ್ಲೆ, ನಡತೆ ಉತ್ತಮ, ಇವರು ನನ್ನ ಸಂಬಂಧಿಯಲ್ಲ. ವರ್ಷದ ಜಾಗ ಖಾಲಿ. ನಿನ್ನನ್ನು ನಾನೆಲ್ಲಿ ನೋಡಿದ್ದೇನೆ ಎಂದು ಸಾಹೇಬರು ಒಬ್ಬೊಬ್ಬರನ್ನೂ ಸತಾಯಿಸುತ್ತಿದ್ದರು. ಅವನು ಹಾಗಲ್ಲ. ಕ್ಷೌರದವನನ್ನು ಐದು ವರ್ಷದಿಂದ ಬಲ್ಲ. ನರ್ಸನ್ನು ಏಳು ವರ್ಷದಿಂದ. ಬೀಗ ರಿಪೇರಿಯವನು ಬಂದಾಗ, ನಿನ್ನ ನಡತೆ ಕೆಟ್ಟರೆ ಊರಿಗೆ ಊರೇ ಬಾಗಿಲು ತೆರೆದುಕೊಂಡಂತೆ ಎಂದು ತಮಾಷೆ ಮಾಡಿ, ಹತ್ತು ವರ್ಷ ಎಂದು ಬರೆದ. ಸಾಲು ನಕ್ಕಿತು. ತನ್ನ ಮಾತಿಗೆ ಜನ ನಕ್ಕು ಎಷ್ಟು ಕಾಲವಾಗಿತ್ತು!

ಪ್ಯಾಡು, ಕಾಗದ. ಪ್ಯಾಡು, ಕಾಗದ. ಅವನು ಊಟಕ್ಕೂ ಏಳಲಿಲ್ಲ. ಎರಡು ಗಂಟೆಯ ಹೊತ್ತಿಗೆ ಎಪ್ಪತ್ತು ಜನರನ್ನು ಬಲ್ಲವನಾಗಿದ್ದ. ಗುರುತು ಮಂಕಾಗತೊಡಗಿತು. ಮತ್ತೆ ಶಾಯಿ ಬಿಟ್ಟ.

ಕೌಂಟರಿನ ಕಿಟಕಿಯೊಳಗೆ ಇನ್ನೊಂದು ನಮೂನೆ ಬಂತು. ‘ಆರು’ ಎಂದು ಬರೆದು ಸೀಲು ಎತ್ತಿದ. ಆಗ ಹೆಸರು ಕಣ್ಣಿಗೆ ಬಿತ್ತು. ತಲೆಯೆತ್ತಿದ.

ಮಗಳು. ಹೆಗಲಿನಲ್ಲಿ ಚೀಲ.

‘ಸಾಹೇಬ್ರು ಇರ್ತಾರೆ ಅಂದ್ಕೊಂಡಿದ್ದೆ,’ ಎಂದಳು.

‘ಏನಿದು?’

‘ಕೆಲಸ ಸಿಕ್ಕಿದೆ. ಬಂದರಲ್ಲಿ. ಕ್ರೇನ್ ನಡೆಸೋದು.’

ಎರಡು ವರ್ಷದಿಂದ ಅವಳು ಟೈಪಿಂಗ್ ಕಲಿಯುತ್ತಿದ್ದಾಳೆಂದೇ ಅವನು ತಿಳಿದಿದ್ದ. ‘ನಂಗ್ಯಾಕೆ ಹೇಳ್ಲಿಲ್ಲ?’

‘ಹೇಳಿದ್ದೆ. ಎರಡು ಸಲ. ಪೇಪರ್ ಓದ್ತಿದ್ರಿ.’

ಹೊರಡುವುದು ಯಾವಾಗ ಎಂದು ಕೇಳಿದ. ಈಗಲೇ, ಮೂರು ಗಂಟೆಯ ಬಸ್ಸಿಗೆ. ನಾಳೆ ಬೆಳಿಗ್ಗೆ ಕಾಗದ ಒಪ್ಪಿಸದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ. ಸಂಜೆ ತಾನೇ ತಿಳಿಸುತ್ತೇನೆಂದು ಅಮ್ಮ ಹೇಳಿದ್ದಳಂತೆ. ಹೇಳುತ್ತ ಹೇಳುತ್ತ ಮಗಳ ಮುಖ ಅರಳಿತು. ‘ಅಷ್ಟು ಮೇಲೆ ಕೂತ್ರೆ ಹಡಗು ಬಿಟ್ಟುಹೋದ ಚಪ್ಪಲಿ ಥರ ಕಾಣುತ್ತೆ ಅಪ್ಪ. ಟ್ರೈನಿಂಗಲ್ಲಿ ಮೊದಲನೇ ದಿನ ಕೆಳಗೆ ನೋಡೋಕೆ ಭಯ ಆಗಿತ್ತು. ಈಗ ಇಲ್ಲ.’

ಈ ದನಿಯನ್ನು ಅವನು ಮನೆಯಲ್ಲಿ ಕೇಳಿರಲೇ ಇಲ್ಲ. ಅವಳ ಸಡಗರ ತನಗೂ ಅಂಟಿದಂತಾಗಿ ನಕ್ಕ. ಆಮೇಲೆ ನಮೂನೆಯ ಕೊನೆಯ ಸಾಲು ನೆನಪಾಯಿತು. ಸಂಬಂಧಿಯಲ್ಲ.

‘ನಾನು ಹಾಕೋ ಹಾಗಿಲ್ಲ,’ ಎಂದ.

‘ನೋಡಿ. ನೀವು ಅಂತ ಎಲ್ಲೂ ಬರೆದಿಲ್ಲ.’

ನೋಡಿದ. ಪೋಷಕರ ಜಾಗದಲ್ಲಿ ತಾಯಿಯ ಹೆಸರೊಂದೇ ಇತ್ತು. ಕೆಳಗಿನ ತಾರೀಖು ನೋಡಿದರೆ ಅದನ್ನು ಅವಳು ತುಂಬಿ ವಾರವಾಗಿತ್ತು. ಅವನಿಗೆಂದು ಹೂಡಿದ ಉಪಾಯವಲ್ಲ ಅದು. ಹಿಂದಿನವರು ಬೇಗ ಬೇಗ ಎಂದರು.

‘ಆರು ಅಂತ ಬರೆದುಬಿಟ್ಟೆ. ತಿದ್ಲಾ?’

‘ಬೇಡ. ತಿದ್ದಿದ್ರೆ ವಾಪಸ್ ಕಳಿಸ್ತಾರೆ.’

ಅವನು ಒತ್ತಿದ. ದಿನದಲ್ಲೇ ಅಷ್ಟು ಚೆನ್ನಾಗಿ ಇನ್ನೊಂದು ಬಿದ್ದಿರಲಿಲ್ಲ. ನಾಚಿಕೆಗೆಟ್ಟ ಖುಷಿಯೊಂದು ಆಗಲೂ ಒಳಗೆ ಹಾದುಹೋಯಿತು. ಅವಳು ಶಾಯಿ ಆರಲೆಂದು ಕಾಗದಕ್ಕೆ ಊದಿ, ಹಿಂದಿನವರತ್ತ ಒಮ್ಮೆ ನೋಡಿ, ‘ಥ್ಯಾಂಕ್ಸ್ ಸಾರ್,’ ಎಂದು ಹೊರಟಳು.

ಆಮೇಲೆ ಇನ್ನೂ ನಾಲ್ವರನ್ನು ಬಲ್ಲೆನೆಂದ. ಐದನೆಯವನ ಕಾಗದ ಹಾಗೇ ಬಿಟ್ಟು ಎದ್ದ. ಡ್ರಾಯರಿಗೆ ಕೀಲಿ ಹಾಕಿ ಸಾರ್ ಎಂದು ಜವಾನ ಹಿಂದಿನಿಂದ ಕೂಗುತ್ತಿದ್ದ. ಅವನು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಸ್ ನಿಲ್ದಾಣದ ಕಡೆ ಓಡಿದ. ಇಷ್ಟು ಜೋರಾಗಿ ಓಡಿ ಇಪ್ಪತ್ತು ವರ್ಷವಾಗಿರಬೇಕು. ಹೇಳಬೇಕಾದದ್ದು ಏನೆಂದು ಗೊತ್ತಿರಲಿಲ್ಲ; ಅಲ್ಲಿಗೆ ಮುಟ್ಟಿದರೆ ಬಾಯಿಗೆ ಬಂದೀತು ಎಂದು ನಂಬಿದ್ದ.

ಬಸ್ಸಿನ ಬಾಗಿಲು ಮುಚ್ಚಿತ್ತು. ಎಂಜಿನ್ನು ಗುಡುಗುಡು ಎನ್ನುತ್ತಿತ್ತು. ನಡುವಿನ ಕಿಟಕಿಯಲ್ಲಿ ಅವಳಿದ್ದಳು. ಕಂಡದ್ದೇ ಗಾಜು ಸರಿಸಲು ನೋಡಿದಳು, ಅದು ಅಲುಗಲಿಲ್ಲ. ಗಾಜಿಗೆ ಮುಖ ತಂದು ಏನೋ ಕೇಳಿದಳು. ತುಟಿಗಳು ಆಡಿದ್ದು ಮಾತ್ರ ಕಂಡಿತು. ಕೇಳಿ, ಉತ್ತರಕ್ಕೆ ಕಾದಳು.

ಅವನು ಹೂಂ ಎಂದು ತಲೆಯಾಡಿಸಿದ.

ಅವಳ ಮುಖ ಸಪ್ಪಗಾಯಿತು. ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ನಿಧಾನವಾಗಿ, ಬಿಡಿಸಿ ಕೇಳಿದಳು.

ಬಸ್ಸು ಚಲಿಸಿತು. ಅವನು ಪಕ್ಕದಲ್ಲೇ ಓಡುತ್ತ, ಏದುಸಿರು ಬಿಡುತ್ತ, ಮೊದಲಿಗಿಂತ ಹೆಚ್ಚು ಹುರುಪಿನಿಂದ ತಲೆಯಾಡಿಸತೊಡಗಿದ.